ಎರವಲು ನಾಲಿಗೆ

ಏಪ್ರಿಲ್ 4, 1989, ಮಂಗಳವಾರ

ಆಸ್ಪತ್ರೆಯಿಂದ ಮನೆಗೆ ಬಂದೆ. ಸತ್ತಿಲ್ಲ. ಊರಿನಲ್ಲಿ ಕೆಲವರಿಗೆ ಇದರಿಂದ ನಿರಾಸೆಯಾಗಿರಬಹುದು, ಅದರಲ್ಲೂ ಹಾಯ್ಟ್ ಮೆಕ್ಲೆಂಡನ್ ಎಂಬ ಮನುಷ್ಯನಿಗೆ.

ಶುಕ್ರವಾರ ಚರ್ಚಿನಲ್ಲಿ ಮೀನು ಕರಿಯುವ ದಿನ. ನಾನು ಎಂದಿನಂತೆ ಪಕ್ಕದ ಬಾಣಲೆಯಲ್ಲಿ ಉಪ್ಪುಸೌತೆ, ಅಂದರೆ ಉಪ್ಪುನೀರಿನ ಜಾಡಿಯಲ್ಲಿ ಹಾಕಿಟ್ಟ ಸೌತೆಯ ಬಿಲ್ಲೆ, ಕರಿಯುತ್ತಿದ್ದೆ. ಇದ್ದಕ್ಕಿದ್ದಂತೆ ಬಾಣಲೆ ಎರಡಾಗಿ ಕಂಡಿತು. ಆಮೇಲೆ ಪಾದ್ರಿಯೂ ಇಬ್ಬರಾಗಿ ಕಂಡರು. ಒಬ್ಬರೇ ಸಾಕಪ್ಪ ದೇವರೇ ಎಂದು ಕೂಗಿ ಕುಸಿದುಬಿದ್ದೆನಂತೆ. ಕೂಗಿದ್ದು ಪಾದ್ರಿಗೂ ಕೇಳಿಸಿದೆಯಂತೆ.

ರಕ್ತದೊತ್ತಡ ನೋಡಿ ಡಾಕ್ಟರು ಶಿಳ್ಳೆ ಹೊಡೆದರು. ಡಾಕ್ಟರಾದವರು ಶಿಳ್ಳೆ ಹೊಡೆಯಬಾರದು. ಉಪ್ಪು ಬಂದ್, ಕರಿದದ್ದು ಬಂದ್, ಉಪ್ಪುಸೌತೆಯಂತೂ ಕನಸಿನಲ್ಲೂ ಬಂದ್. ಮೇ ಇಪ್ಪತ್ತಕ್ಕೆ ಪಿಕಲ್ ಹಬ್ಬ, ನಮ್ಮೂರಿನ ಉಪ್ಪುಸೌತೆ ಜಾತ್ರೆ. ಅದರ ಹಿಂದಿನ ದಿನ ಮತ್ತೆ ಅಳೆಯುತ್ತಾರಂತೆ. ನೂರೈವತ್ತರ ಕೆಳಗಿದ್ದರೆ ಬಾಣಲೆಯ ಮುಂದೆ ನಿಲ್ಲಬಹುದು, ಇಲ್ಲದಿದ್ದರೆ ಮನೆಯಲ್ಲಿ ಕೂತು ಕಿಟಕಿಯಿಂದ ನೋಡಬಹುದು.

ಹಬ್ಬದ ದಿನ ರೈಲು ನಿಲ್ದಾಣದ ಮೂಲೆಯಲ್ಲಿ ಕರಿಯುವ ಅಂಗಡಿ ನನ್ನದು. ಮೊದಲು ನನ್ನ ಅತ್ತೆಯದು, ಆಮೇಲೆ ಗಂಡ ರಾಯ್ಸ್‌ನದೂ ನನ್ನದೂ, ಈಗ ನನ್ನೊಬ್ಬಳದು. ಅವನು ಸತ್ತ ವರ್ಷವೂ ಬಿಟ್ಟವಳಲ್ಲ ನಾನು. ಹಬ್ಬದ ಕಟ್ಟಳೆ ಹೀಗಿದೆ: ಹೆಸರಿದ್ದವರೇ ಕರಿಯಬೇಕು, ಮಗಳನ್ನು ನಿಲ್ಲಿಸಿದರೆ ಆಗದು. ಒಂದು ವರ್ಷ ಖಾಲಿ ಬಿಟ್ಟರೆ ಮೂಲೆ ಸರದಿಯಲ್ಲಿ ಮುಂದಿರುವವರ ಪಾಲು. ಮುಂದಿರುವವನು ಹಾಯ್ಟ್ ಮೆಕ್ಲೆಂಡನ್, ಈಗ ಹಿಂದಿನ ಸಾಲಿನಲ್ಲಿ ಅಂಗಡಿ ಹಾಕುವವನು. ಸೌತೆಯನ್ನು ಬಿಲ್ಲೆ ಮಾಡದೆ ಉದ್ದಕ್ಕೆ ಸೀಳಿ ಕರಿಯುವ ಮನುಷ್ಯ. ಕಚ್ಚಿದರೆ ಒಳಗಿನ ಬಿಸಿನೀರು ಚಿಮ್ಮಿ ಅಂಗುಳು ಸುಡುತ್ತದೆ. ಅಂಥವನಿಗೆ ನನ್ನ ಮೂಲೆಯೇ?

ರಾತ್ರಿ ಊಟ: ಬೇಯಿಸಿದ ಕೋಳಿ, ಬೇಯಿಸಿದ ಆಲೂಗಡ್ಡೆ, ಬೇಯಿಸಿದ ಕೋಪ.

ಏಪ್ರಿಲ್ 5, ಬುಧವಾರ

ಬೆಳಗಿನಿಂದ ಪಾತ್ರೆಗಳ ಮೆರವಣಿಗೆ. ಯಾರಾದರೂ ಹಾಸಿಗೆ ಹಿಡಿದರೆ ನಮ್ಮೂರಿನ ಹೆಂಗಸರಿಗೆ ತಮ್ಮ ಗಾಜಿನ ಪಾತ್ರೆಗಳ ನೆನಪಾಗುತ್ತದೆ. ಕೋಳಿ ಮತ್ತು ಅನ್ನ, ಕೋಳಿ ಮತ್ತು ನೂಡಲ್ಸ್, ಕೋಳಿ ಮತ್ತು ಏನೆಂದು ತಿಳಿಯದ್ದು. ಎಲ್ಲದರಲ್ಲೂ ಉಪ್ಪು. ಮಗಳು ಡಾರ್ಲಾ ಒಂದೊಂದನ್ನೂ ಮೂಸಿ ನೋಡಿ ತನ್ನ ಕಾರಿಗೆ ಸಾಗಿಸಿದಳು. ಈ ವಾರ ಅಳಿಯ ಚೆನ್ನಾಗಿ ಉಬ್ಬುತ್ತಾನೆ.

ಸಂಜೆ ಬಾಗಿಲಲ್ಲಿ ಹಾಯ್ಟ್ ಮೆಕ್ಲೆಂಡನ್. ಟೋಪಿ ಕಂಕುಳಲ್ಲಿ, ನೀಲಿ ಪಾತ್ರೆ ಕೈಯಲ್ಲಿ, ಬಾಯಲ್ಲಿ ಊರಿನವರೆಲ್ಲ ಮರ್ಯಾದೆಗೆ ಕರೆಯುವ ಹಾಗೆ ಮಿಸ್.

"ಬೀನ್ಸು, ಮಿಸ್ ವರ್ನೀಸ್. ಉಪ್ಪು ಹಾಕಿಲ್ಲ. ಈರುಳ್ಳಿ, ವಿನೆಗರ್, ಕರಿಮೆಣಸು ಅಷ್ಟೆ. ಆರ್ಡಿತ್‌ಗೂ ಕೊನೇ ವರ್ಷ ಹಿಂಗೇ ಮಾಡ್ಕೊಡ್ತಿದ್ದೆ."

"ನಾನಿನ್ನೂ ಕೊನೇ ವರ್ಷಕ್ಕೆ ಬಂದಿಲ್ಲ ಕಣ್ರೀ" ಎಂದೆ.

"ನೋಡಿದ್ರೇ ಗೊತ್ತಾಗುತ್ತೆ" ಎಂದು ಹೋದ.

ಪಾತ್ರೆಯ ಅಡಿಯಲ್ಲಿ ಹಳೆಯ ಟೇಪಿನ ಮೇಲೆ ಅವನ ತೀರಿಕೊಂಡ ಹೆಂಡತಿ ಆರ್ಡಿತ್‌ಳ ಹೆಸರು ಇನ್ನೂ ಇದೆ. ಪಾಪ, ಒಳ್ಳೆಯ ಹೆಂಗಸು. ಬೀನ್ಸ್ ಪೂರ್ತಿ ತಿಂದೆ, ಬರೀ ಹಸಿವಿಗೆ. ಈಗ ತಾಪತ್ರಯವೆಂದರೆ ಪಾತ್ರೆಯನ್ನು ಖಾಲಿ ಹಿಂದಿರುಗಿಸುವ ಹಾಗಿಲ್ಲ. ನಮ್ಮಮ್ಮ ಸಾಯುವಾಗಲೂ ಯಾರಿಗೆ ಯಾವ ಪಾತ್ರೆ ತುಂಬಿ ಕೊಡಬೇಕೆಂದು ಹೇಳಿಯೇ ಸತ್ತಳು.

ಏಪ್ರಿಲ್ 8, ಶನಿವಾರ

ಚಿಕಿತ್ಸಾಲಯದ ನರ್ಸ್ ಇಮೋಜಿನ್ ಬಂದು ಪಾಠ ಮಾಡಿದಳು. ಇವಳನ್ನು ನಾನು ಚರ್ಚಿನ ಭಾನುವಾರದ ಶಾಲೆಯಲ್ಲಿ ಮಡಿಲಲ್ಲಿ ಕೂರಿಸಿಕೊಂಡಿದ್ದೆ. ಈಗ ನನಗೆ ಸೌತೆಕಾಯಿ ಎಂದರೇನು ಎಂದು ಹೇಳಿಕೊಡುತ್ತಾಳೆ.

"ಸೌತೆಕಾಯಿ ಪಾಪದ್ದು, ಮಿಸ್ ವರ್ನೀಸ್. ನೀರು ಬಿಟ್ರೆ ಅದ್ರೊಳಗೆ ಹೆಚ್ಚೇನೂ ಇಲ್ಲ. ನೀವು ಅದನ್ನ ತಿಂಗಳುಗಟ್ಲೆ ಉಪ್ಪುನೀರಲ್ಲಿ ಮುಳುಗಿಸ್ತೀರಿ, ಹಿಟ್ಟಲ್ಲಿ ಹೊರಳಾಡಿಸ್ತೀರಿ, ಎಣ್ಣೇಲಿ ಕರೀತೀರಿ, ಸಾಲದೂಂತ ಕೆನೆ ಸಾಸಲ್ಲಿ ಅದ್ದುತೀರಿ."

"ತರಕಾರಿ ತಾನೇ?"

"ಹುಟ್ಟಿದಾಗ ಹೌದು. ಒಂದು ತಟ್ಟೆ ತಿಂದ್ರೆ ನಿಮ್ಮ ಇಡೀ ದಿನದ ಉಪ್ಪು ಅಲ್ಲೇ ಮುಗೀತು."

"ತಟ್ಟೆಗಟ್ಲೆ ಯಾರೇ ತಿಂತಾರೆ? ನಾನು ರುಚಿ ನೋಡ್ತೀನಿ ಅಷ್ಟೆ."

"ಎಷ್ಟು ಸಲ?"

"ಬಾಣಲೆಗೊಂದು ಸಲ."

"ದಿನಕ್ಕೆಷ್ಟು ಬಾಣಲೆ?"

ಈ ಸಲ ಹೂವು ಬೇಗ ಬಿಟ್ಟಿದೆಯಲ್ಲವೇ ಎಂದು ಮಾತು ತಿರುಗಿಸಿದೆ.

ಅವಳು ಹೋದ ಮೇಲೆ ಅತ್ತೆ ನೆನಪಾದಳು. ಉಪ್ಪುಸೌತೆಯನ್ನು ಮೊದಲು ಕರಿದವರು ಯಾರು ಎಂಬ ಜಗಳ ನಮ್ಮ ಇಡೀ ಆರ್ಕನ್ಸಾ ರಾಜ್ಯದಲ್ಲಿದೆ. ನದಿಯ ಮೇಲ್ಗಡೆಯ ಊರಿನವರು ನಾವು ಎನ್ನುತ್ತಾರೆ, ಪಕ್ಕದ ರಾಜ್ಯ ಮಿಸಿಸಿಪ್ಪಿಯವರು ನಾವು ಎನ್ನುತ್ತಾರೆ. ಅತ್ತೆ ಹೇಳುತ್ತಿದ್ದದ್ದೇ ಬೇರೆ. ಒಂದು ಶುಕ್ರವಾರ ಮಾವ ಬರಿಗೈಯಲ್ಲಿ ನದಿಯಿಂದ ಬಂದರಂತೆ. ಎಣ್ಣೆ ಕಾದಿತ್ತು, ಹಿಟ್ಟು ಕಲಸಿಯಾಗಿತ್ತು, ನೆಂಟರು ಕೂತಾಗಿತ್ತು. ಕೈಗೆ ಸಿಕ್ಕಿದ್ದು ಸಬ್ಬಸಿಗೆ ಹಾಕಿದ ಉಪ್ಪುಸೌತೆಯ ಜಾಡಿ. "ಮೀನೆಲ್ಲಿ?" ಎಂದು ಯಾರೂ ಕೇಳಲಿಲ್ಲವಂತೆ. ಅತ್ತೆ ಬೇಕಾದಷ್ಟು ಸುಳ್ಳು ಹೇಳುತ್ತಿದ್ದಳು, ಆದರೆ ಇದನ್ನು ನಾನು ನಂಬುತ್ತೇನೆ. ಮೀನು ಹಿಡಿಯಲು ಬಾರದ್ದು ನನ್ನ ಗಂಡನಿಗೂ ವಂಶಪಾರಂಪರ್ಯವಾಗಿ ಬಂದಿತ್ತು.

ಏಪ್ರಿಲ್ 12, ಬುಧವಾರ

ನನ್ನ ಬುದ್ಧಿಯನ್ನು ನಾನೇ ಮೆಚ್ಚಿಕೊಂಡೆ. ಉಪ್ಪು ತೆಗೆದ ಉಪ್ಪುಸೌತೆ ಮಾಡಿದರೆ ಇಮೋಜಿನ್ ಒಂದಾದರೂ ತಿನ್ನಲು ಬಿಡುತ್ತಾಳೆ. ಬಿಲ್ಲೆಗಳನ್ನು ರಾತ್ರಿಯೆಲ್ಲ ತಣ್ಣೀರಿನಲ್ಲಿ ನೆನೆಸಿದೆ.

ಎಣ್ಣೆಗೆ ಬಿಟ್ಟದ್ದೇ ತಡ, ಪಟಾಕಿ ಸಿಡಿದಂತಾಯಿತು. ಉಪ್ಪು ಹೋದ ಜಾಗಕ್ಕೆಲ್ಲ ನೀರು ಕುಡಿದು ಕೂತಿದ್ದವು ದರಿದ್ರದವು. ಹಿಟ್ಟು ಅಂಗಿ ಕಳಚಿದಂತೆ ಜಾರಿ ಬೇರೆ ಹೋಯಿತು, ಬಿಲ್ಲೆ ಬೇರೆ ತೇಲಿತು. ಡಾರ್ಲಾ ಮೇಜಿನ ಕೆಳಗೆ ಕೂತು "ಅಮ್ಮಾ, ಒಲೆ ಆರಿಸಮ್ಮಾ!" ಎಂದು ಅರಚಿದಳು.

ಆಮೇಲೆ ಒಂದು ತಿಂದು "ಚೆನ್ನಾಗಿದೆ ಅಮ್ಮ" ಎಂದಳು. ಇದೇ ನಮ್ಮೂರಿನ ಶಾಪ. ಇಲ್ಲಿ ಸುಳ್ಳು ಹೇಳುವುದೇ ಸಭ್ಯತೆ. ನಾನು ರುಚಿ ನೋಡುವಂತಿಲ್ಲ, ನೋಡಿದವರು ನಿಜ ಹೇಳುವುದಿಲ್ಲ. ಕಳೆದ ಬೇಸಿಗೆಯ ಜಾಡಿಗಳಿಗೆ ಈ ಸಲ ಎಷ್ಟು ಖಾರ, ಎಷ್ಟು ಮಜ್ಜಿಗೆ ಎಂದು ಯಾವ ನಾಲಿಗೆಯಿಂದ ತಿಳಿಯಲಿ?

ಹಾಳಾಗಿ ಹೋಗಲಿ ಎಂದು ಅದನ್ನೇ ಮೆಕ್ಲೆಂಡನ್‌ನ ಪಾತ್ರೆಗೆ ತುಂಬಿ ಡಾರ್ಲಾ ಕೈಯಲ್ಲಿ ಕಳಿಸಿದೆ. ಖಾಲಿ ಕಳಿಸಿದಳು ಎಂಬ ಮಾತು ಬರಬಾರದಲ್ಲ.

ಏಪ್ರಿಲ್ 13, ಗುರುವಾರ

ಬಂದ. ಪಾತ್ರೆಯೊಂದಿಗೆ. ಈ ಸಲ ಟೋಪಿಯನ್ನೂ ತೆಗೆಯಲಿಲ್ಲ.

"ಮಿಸ್ ವರ್ನೀಸ್, ಬೇಜಾರು ಮಾಡ್ಕೋಬೇಡಿ. ಇದು ಒದ್ದೆ ಕಾಲುಚೀಲ."

"ಏನಂದ್ರಿ?"

"ಕಾಲುಚೀಲ. ಮಳೇಲಿ ನೆಂದಿದ್ದು. ಹಿಟ್ಟಲ್ಲಿ ಖಾರ ಇಲ್ಲ, ಮಜ್ಜಿಗೆ ಹುಳಿ ಬಂದಿಲ್ಲ, ಬಿಲ್ಲೆ ನೀರು ಕುಡಿದಿದೆ. ಬಟ್ಟೆ ಮೇಲೆ ಒಣಗಿಸೋದನ್ನೂ ಮರೆತ್ರಾ?"

ಇಪ್ಪತ್ತು ವರ್ಷದಿಂದ ನನ್ನ ಮುಖದ ಮೇಲೆ ಹೀಗೆ ಹೇಳಿದವರಿಲ್ಲ. ಕೈಯಲ್ಲಿದ್ದ ಸೌಟನ್ನು ಎಸೆಯಬೇಕೆನ್ನಿಸಿತು. ಅದರ ಬದಲು "ಒಳಗೆ ಬನ್ನಿ" ಎಂದೆ. ಒಪ್ಪಂದವಾಯಿತು. ನಾನು ಕರಿಯುವುದು, ಅವನು ತಿನ್ನುವುದು, ನಿಜ ಹೇಳುವುದು. ನಾಲಿಗೆ ಎರವಲು.

ನನ್ನ ಮೂಲೆ ಕಾಯುತ್ತಿರುವವನೇ ನನ್ನ ಬಾಣಲೆಗೆ ತೀರ್ಪುಗಾರ. ಇದರಲ್ಲಿ ಏನೋ ಕುತಂತ್ರವಿದೆ. ಅವನ ಮೇಲೆ ಒಂದು ಕಣ್ಣಿಡಬೇಕು. ಪಾತ್ರೆಯಲ್ಲಿ ಪೀಚ್ ಹಣ್ಣಿನ ಸಿಹಿ ತಂದಿದ್ದ, ಉಪ್ಪಿಲ್ಲದ್ದು.

ಏಪ್ರಿಲ್ 21, ಶುಕ್ರವಾರ

ಈ ವಾರ ದಿನವೂ ಬಂದ. ಕಣ್ಣಿಟ್ಟಿದ್ದೇನೆ. ಒಂದು ಬಿಲ್ಲೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚುತ್ತಾನೆ. ಬಲಗಡೆ ಅಗಿಯುತ್ತಾನೆ, ಎಡಗಡೆ ಅಗಿಯುತ್ತಾನೆ. ಕಿವಿ ಅಲ್ಲಾಡುತ್ತದೆ. ಮನುಷ್ಯನ ಕಿವಿ ಅಷ್ಟು ಅಲ್ಲಾಡುವುದನ್ನು ನಾನು ಮೊದಲು ನೋಡಿರಲಿಲ್ಲ.

"ಖಾರ ಮುಂದೆ ಬಂತು, ಉಪ್ಪು ಹಿಂದೆ ಬಂತು. ಇಬ್ರೂ ಒಟ್ಟಿಗೆ ಬರಬೇಕು."

"ಕೈ ಕೈ ಹಿಡ್ಕೊಂಡಾ?"

"ಬೇಕಾದ್ರೆ ಹಿಡ್ಕೊಳ್ಲಿ" ಎಂದು ಕೆಮ್ಮಿದ. ಕರಿಮೆಣಸು ಗಂಟಲಿಗೆ ಹೋಗಿರಬೇಕು.

ಮೆಕ್ಕೆಜೋಳದ ಹಿಟ್ಟಿಗೆ ಮೈದಾ ಎಷ್ಟು ಎಂಬುದರ ಮೇಲೆ ಜಗಳ. ಬಿಲ್ಲೆಯೋ ಸೀಳೋ ಎಂಬುದರ ಮೇಲೆ ಜಗಳ. ಇಷ್ಟು ಜೋರಾಗಿ ಜಗಳವಾಡಿ ಎಷ್ಟೋ ವರ್ಷವಾಗಿತ್ತು. ರಾತ್ರಿ ಒಳ್ಳೆಯ ನಿದ್ದೆ ಬರುತ್ತಿದೆ, ಉಪ್ಪು ಬಿಟ್ಟಿದ್ದಕ್ಕೇ ಇರಬೇಕು.

ಕೂದಲು ಸುರುಳಿ ಮಾಡಿಸಿಕೊಂಡೆ. ಎಣ್ಣೆಯ ಹೊಗೆಗೆ ನೇರ ಕೂದಲು ಜಿಡ್ಡಾಗುತ್ತದೆ.

ಏಪ್ರಿಲ್ 28, ಶುಕ್ರವಾರ

ಬರೆಯಲು ಕೂತರೂ ಇನ್ನೂ ನಗು ನಿಂತಿಲ್ಲ.

ಸಂಜೆ ನಾಲ್ಕನೆಯ ಬಾಣಲೆಯ ಬಿಲ್ಲೆಗಳನ್ನು ತಟ್ಟೆಗೆ ತೆಗೆಯುತ್ತಿರುವಾಗ ಸುಂಟರಗಾಳಿಯ ಸೈರನ್ ಕೂಗಿತು. ಸುಂಟರಗಾಳಿ ಬರುವಾಗ ಆಗುವಂತೆ ಆಕಾಶ ಹಸಿರು. ಹಾಯ್ಟ್ ಒಲೆ ಆರಿಸಿದ, ನಾನು ಟಾರ್ಚು ಹಿಡಿದೆ, ಹಿತ್ತಲ ನೆಲಮಾಳಿಗೆಗೆ ಓಡಿದೆವು. ಬಾಗಿಲು ಹಾಕಿ ನೋಡಿದರೆ ಅವನು ಬಿಲ್ಲೆಗಳ ತಟ್ಟೆಯನ್ನೂ ತಂದಿದ್ದಾನೆ!

"ಮನೆ ಹಾರಿಹೋಗ್ತಿದೆ, ನಿಮಗೆ ತಿನ್ನೋ ಚಿಂತೆನಾ?"

"ಮನೆ ಹಾರಿಹೋದ್ರೆ ಕಟ್ಟಬಹುದು. ಈ ಬಾಣಲೆ ಸರಿಯಾಗಿ ಬಂದಿದೆ."

ಸುತ್ತ ಗೋಡೆಯುದ್ದಕ್ಕೂ ನನ್ನ ಉಪ್ಪುಸೌತೆ ಜಾಡಿಗಳು. ಮೇಲೆ ಸರಕು ರೈಲು ಹೋದಂತೆ ಗಾಳಿಯ ಗದ್ದಲ. ಜಾಡಿಗಳು ಗಡಗಡ ನಡುಗಿದವು, ನಾನೂ ನಡುಗಿದೆ. ರಾಯ್ಸ್ ಹೋದ ಮೇಲೆ ಇಲ್ಲಿ ಒಬ್ಬಳೇ ಕೂತು ಎಷ್ಟು ಸೈರನ್ ಕೇಳಿದ್ದೇನೋ. ಆಗೆಲ್ಲ ಹೆದರಿಕೆಯಾಗುತ್ತಿತ್ತು, ಯಾರಿಗೂ ಹೇಳಿರಲಿಲ್ಲ. ಹಾಯ್ಟ್‌ಗೆ ಹೇಳಿದೆ. ಟಾರ್ಚಿನ ಬೆಳಕಿಗೆ ಮನುಷ್ಯರು ಮೂರ್ಖರಾಗುತ್ತಾರೆ.

ಅವನು ತಟ್ಟೆ ಹತ್ತಿರ ಎಳೆದುಕೊಂಡ. ಒಂದು ಬಿಲ್ಲೆ ಬಾಯಿಗೆ ಹಾಕಿಕೊಂಡು, ನನಗೆ ತಿನ್ನಲಾಗದ್ದನ್ನೆಲ್ಲ ಬಾಯಲ್ಲೇ ಬಡಿಸಿದ. "ಮೊದಲು ಗರಿಗರಿ ಮುರಿಯುತ್ತೆ. ಆಮೇಲೆ ಮಜ್ಜಿಗೆ ಹುಳಿ. ಈಗ ಉಪ್ಪು ಬಂತು ನೋಡು, ಹಿಂದೇನೇ ಬೆಳ್ಳುಳ್ಳಿ. ಸಬ್ಬಸಿಗೆ ಕೊನೇಲಿ, ಬಾಗಿಲು ಹಾಕ್ಕೊಂಡು ಹೋಗೋಕೆ ಬಂದವರ ಥರ."

ನನ್ನ ಬಾಯಲ್ಲಿ ನೀರೂರಿತು. ಕಣ್ಣಲ್ಲೂ ಸ್ವಲ್ಪ. ಆಮೇಲೆ ಅವನಿಗೆ ಬಿಕ್ಕಳಿಕೆ ಹತ್ತಿತು, ನನಗೆ ನಗು ಹತ್ತಿತು, ಸುಂಟರಗಾಳಿ ನದಿಯಾಚೆ ಹೋದದ್ದು ಇಬ್ಬರಿಗೂ ತಿಳಿಯಲಿಲ್ಲ. ಡಾರ್ಲಾ ಬಂದು ಬಾಗಿಲು ಎತ್ತಿದಾಗ ನಾವು ಜಾಡಿಗಳ ನಡುವೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

"ಏನಮ್ಮಾ ಇದು?" ಎಂದಳು.

"ರುಚಿ ನೋಡ್ತಿದ್ವಿ" ಎಂದೆ. ಅದು ನಿಜವೇ.

ಮೇ 3, ಬುಧವಾರ

ಹಾಯ್ಟ್ ತಂಗಿಯ ಮನೆಗೆ ಹೋಗಿದ್ದಾನೆ, ಮೆಂಫಿಸ್‌ಗೆ. ಬಾಣಲೆ ಇಡಲಿಲ್ಲ.

ಮೇ 4, ಗುರುವಾರ

ಮೆಂಫಿಸ್‌ನಲ್ಲಿ ಅಂಥದ್ದೇನಿದೆ?

ಮೇ 5, ಶುಕ್ರವಾರ

ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೆ ಎಂಬ ಹಾಗೆ, ಬೇಕಾದಾಗ ಇಲ್ಲದ ನಾಲಿಗೆ ಕಟ್ಟಿಕೊಂಡು ಏನು ಮಾಡಲಿ? ಚರ್ಚಿನಲ್ಲಿ ಪಾದ್ರಿ "ಯಾಕೆ ಮಿಸ್ ವರ್ನೀಸ್, ಸಪ್ಪಗಿದ್ದೀರಿ?" ಎಂದರು. ಉಪ್ಪಿಲ್ಲ ಎಂದೆ.

ಮೇ 8, ಸೋಮವಾರ

ಬಂದ! ನೀಲಿ ಪಾತ್ರೆಯ ತುಂಬ ಮೆಂಫಿಸ್‌ನ ಟೊಮೇಟೊ. ನಾನು ಬೈದೆ. ಹಬ್ಬ ಇಷ್ಟು ಹತ್ತಿರವಿರುವಾಗ ಊರು ಬಿಟ್ಟು ಹೋಗುವುದೇ?

"ನೀನು ಹೇಳಿದ್ರೆ ಹೋಗ್ತಿರಲಿಲ್ಲ" ಎಂದ.

"ನಾನ್ಯಾಕೆ ಹೇಳಲಿ?"

"ಅದಕ್ಕೇ ಹೋದೆ."

ಇದೆಂಥ ಉತ್ತರವೋ. ಆರು ಬಾಣಲೆ ಕರಿದೆ. ಒಂದು ಬಾಣಲೆಯಲ್ಲಿ ಅವನು ತಂದ ಸೀಳುಗಳನ್ನೂ ಕರಿದೆ, ಎಸೆಯಲು ಮನಸ್ಸು ಬಾರದೆ. ಮಜ್ಜಿಗೆಯಲ್ಲಿ ಅದ್ದುವ ಮೊದಲು ಚೆನ್ನಾಗಿ ಒರೆಸಿದರೆ ಸೀಳೂ ಅಷ್ಟೇನೂ ಸುಡುವುದಿಲ್ಲವಂತೆ. ಇದನ್ನು ಯಾರಿಗೂ ಹೇಳಬಾರದು.

ಹಾಯ್ಟ್ ಹೋಗುವಾಗ ಡಾರ್ಲಾ ಎದುರಾದಳು. ಅವನು ಹೋದ ಮೇಲೆ ನನ್ನನ್ನೇ ನೋಡುತ್ತ ನಿಂತಳು.

"ಅಮ್ಮಾ, ತುಟಿಗೆ ಬಣ್ಣ ಹಚ್ಚಿದ್ದೀಯ."

"ಬಾಣಲೆ ಬಿಸಿಗೆ ತುಟಿ ಒಡೆಯುತ್ತೆ ಕಣೇ."

"ಮೂವತ್ತು ವರ್ಷದಿಂದ ಒಡೆದಿರಲಿಲ್ಲ."

ಹುಡುಗಿ ತಂದೆಯ ಹಾಗೆ. ಬೇಡದ್ದೇ ಕಣ್ಣಿಗೆ ಬೀಳುತ್ತದೆ.

ಮೇ 18, ಗುರುವಾರ

ನಾಳೆ ಅಳೆಯುತ್ತಾರೆ. ಒಂದು ಚಿಟಿಕೆ ಉಪ್ಪು ಮುಟ್ಟಿಲ್ಲ, ಅತ್ತೆಯ ಆಣೆ. ಆದರೂ ಹೆದರಿಕೆ. ಆ ಮೂಲೆ ಹೋದರೆ ನಾನು ಬರೀ ಡಾರ್ಲಾಳ ಅಮ್ಮ, ರಾಯ್ಸ್‌ನ ವಿಧವೆ. ಬಾಣಲೆಯ ಮುಂದೆ ಮಾತ್ರ ನಾನು ವರ್ನೀಸ್.

ಮೇ 19, ಶುಕ್ರವಾರ

ಸಮಾಧಾನದಿಂದ ಬರೆಯಬೇಕು, ಆದರೆ ಸಮಾಧಾನವಿಲ್ಲ.

ಚಿಕಿತ್ಸಾಲಯದಲ್ಲಿ ಇಮೋಜಿನ್ ನನ್ನ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬುತ್ತಿದ್ದಳು. ಬಾಗಿಲು ತೆರೆಯಿತು. ಹಾಯ್ಟ್. ಇಸ್ತ್ರಿ ಮಾಡಿದ ಬಿಳಿ ಅಂಗಿ, ಒದ್ದೆ ಬಾಚಿದ ತಲೆ, ಕೈಯಲ್ಲಿ ನೀಲಿ ಪಾತ್ರೆ.

"ಹೆದರ್ಕೋಬೇಡ ಅಂತ ಹೇಳೋಕೆ ಬಂದೆ" ಎಂದ.

ಇಮೋಜಿನ್ ಮುಖ ಸಣ್ಣಗಾಯಿತು. "ನೂರ ಅರವತ್ತೆಂಟು, ಮಿಸ್ ವರ್ನೀಸ್."

ನನ್ನ ಮೂಲೆ ಹೋಯಿತು. ಆಮೇಲೆ ಎಲ್ಲ ಹೊಳೆಯಿತು. "ನೀನೇ! ಮೂಲೆ ಬೇಕು ಅಂತ ಬೇಕೂಂತಲೇ ಬಂದೆಯಲ್ಲ, ನನ್ನ ತಲೆ ಕೆಡಿಸೋಕೆ! ನಲವತ್ತು ದಿನ ಬೆಣ್ಣೆಯಂಥ ಮಾತಾಡಿ ಇವತ್ತು ಬಂದೆಯಲ್ಲ!"

ಹಾಯ್ಟ್ ಪಾತ್ರೆಯನ್ನು ಕುರ್ಚಿಯ ಮೇಲಿಟ್ಟ. ಕೋಪ ಮಾಡಿಕೊಳ್ಳಲಿಲ್ಲ, ಅದೇ ಕಷ್ಟವಾಯಿತು.

"ಆ ಮೂಲೆ ನನಗೆ ಬೇಡ ವರ್ನೀಸ್. ಸರದಿಯಿಂದ ಹೆಸರು ತೆಗೀರಿ ಅಂತ ಹಬ್ಬದ ಸಮಿತಿಗೆ ಹೇಳಿ ತಿಂಗಳ ಮೇಲಾಯ್ತು. ನೀನು ಬಿದ್ದ ಮಾರನೇ ವಾರಾನೇ."

"ಯಾಕೆ?"

"ನೀನಿಲ್ಲದ ಮೂಲೇಲಿ ನಾನೇನು ಮಾಡ್ಲಿ?" ಎಂದು ಹೊರಗೆ ಹೋದ.

ಇಮೋಜಿನ್ ನನಗೆ ನೀರು ಕೊಟ್ಟಳು. ಮುಚ್ಚಿದ ಬಾಗಿಲನ್ನೂ ನನ್ನನ್ನೂ ನೋಡಿದಳು. ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಮತ್ತೆ ಅಳೆದಳು. ನೂರ ಮೂವತ್ತಾರು.

"ಹಾಯ್ಟ್, ಸ್ವಲ್ಪ ಒಳಗೆ ಬನ್ನಿ" ಎಂದು ಕೂಗಿದಳು.

ನೂರ ಅರವತ್ತೊಂದು.

"ಹೊರಗೆ ಹೋಗಿ."

ನೂರ ಮೂವತ್ತೆಂಟು.

ಆ ಹುಡುಗಿ ನಗು ತಡೆಯಲಾರದೆ ಬಾಯಿಗೆ ಕರವಸ್ತ್ರ ಒತ್ತಿಕೊಂಡಳು. ಆಮೇಲೆ ಹಾಯ್ಟ್‌ನನ್ನು ಕೂರಿಸಿ ಅವನ ತೋಳಿಗೂ ಪಟ್ಟಿ ಸುತ್ತಿದಳು. ನನ್ನನ್ನು ಎದುರಿಗೆ ನಿಲ್ಲಿಸಿ ಒಮ್ಮೆ, ಹೊರಗೆ ಕಳಿಸಿ ಒಮ್ಮೆ. ಅವನದೂ ಅದೇ ಕಥೆಯಂತೆ. ಡಾಕ್ಟರು ಒಳಗಿನಿಂದ ಬಂದು ಅಂಕಿಗಳನ್ನೆಲ್ಲ ನೋಡಿ ಮತ್ತೆ ಶಿಳ್ಳೆ ಹೊಡೆದರು, ಈ ಸಲ ರಾಗವಾಗಿ.

"ಉಪ್ಪಿನ ಒತ್ತಡ ಇಳಿದಿದೆ. ಇನ್ನೊಂದಕ್ಕೆ ನನ್ನ ಹತ್ರ ಮಾತ್ರೆ ಇಲ್ಲ. ನಾಳೆ ಕರೀರಿ, ಮಿಸ್ ವರ್ನೀಸ್."

ಕರಿಯುತ್ತೇನೆ! ಮೂಲೆ ನನ್ನದು! ದಾರಿಯಲ್ಲಿ ಹಾಡಿಕೊಂಡು ಬಂದೆ, ಹಾಯ್ಟ್ ಪಾತ್ರೆ ಹಿಡಿದುಕೊಂಡು ಹಿಂದೆ ಬಂದ. ಅವನ ಕ್ಷಮೆ ಕೇಳಿದೆ. "ಇನ್ನೊಂದು ಸಲ ಬಯ್ಯಿ, ಪರವಾಗಿಲ್ಲ" ಎಂದ.

ಆದರೂ ಚಿಕಿತ್ಸಾಲಯದವರು ಆ ಯಂತ್ರವನ್ನು ರಿಪೇರಿ ಮಾಡಿಸಬೇಕು. ಯಾರು ಒಳಗೆ ಬಂದರು, ಯಾರು ಹೋದರು ಎಂದು ನೋಡಿಕೊಂಡು ಕುಣಿಯುವ ಯಂತ್ರವನ್ನು ಹೇಗೆ ನಂಬುವುದು?

ಮೇ 20, ಶನಿವಾರ

ಕಾಲು ಸೋತಿದೆ. ಏನೆಂದು ಬರೆಯಲಿ! ಬ್ಯಾಂಡಿನವರು ನನ್ನ ಮೂಲೆಯಲ್ಲೇ ನಿಂತು ಬಾರಿಸಿದರು. ಸೌತೆ ಜಾಡಿಯ ಉಪ್ಪುನೀರು ಕುಡಿಯುವ ಪಂದ್ಯದಲ್ಲಿ ಪಾದ್ರಿ ಗೆದ್ದರು, ಮಧ್ಯಾಹ್ನವೆಲ್ಲ ಮರದ ಕೆಳಗೆ ಮಲಗಿದ್ದರು. ಹಾಯ್ಟ್ ತನ್ನ ಅಂಗಡಿಯನ್ನು ಅಳಿಯನಿಗೆ, ಅಂದರೆ ನನ್ನ ಅಳಿಯನಿಗೆ, ಒಪ್ಪಿಸಿ ಪ್ರತಿ ಬಾಣಲೆಗೂ ಓಡಿ ಬಂದು ಕಣ್ಣು ಮುಚ್ಚಿ ಕಿವಿ ಅಲ್ಲಾಡಿಸಿ ಹೋದ. ಹೆಸರಿದ್ದವರೇ ಕರಿಯಬೇಕು ಎಂದು ಸಮಿತಿಯವರು ಗುಡುಗಿ ಅವನ ಅಂಗಡಿ ಮುಚ್ಚಿಸಿದರು. ಅವನು ಸೀಳುಗಳನ್ನೆಲ್ಲ ಹೊತ್ತುಕೊಂಡು ನಗುತ್ತ ನನ್ನ ಮೂಲೆಗೆ ಬಂದ. ಬಿಲ್ಲೆ, ಸೀಳು ಒಂದೇ ಬಾಣಲೆಯಲ್ಲಿ ಕುಣಿದವು.

ಕೊನೆಗೆ ಇಮೋಜಿನ್ ಒಂದೇ ಒಂದು ಬಿಲ್ಲೆಗೆ ಅಪ್ಪಣೆ ಕೊಟ್ಟಳು. ಎಷ್ಟು ದಿನದಿಂದ ಕಾದ ಬಿಲ್ಲೆ! ಬಾಯಿಗಿಟ್ಟು ಕಚ್ಚಿದೆ.

"ಹಾಯ್ಟ್, ಇದೇನೋ ಇಷ್ಟು ಉಪ್ಪು?"

"ಪ್ರತಿ ವರ್ಷದಷ್ಟೇ ಇದೆ."

ಅರ್ಧ ತಿಂದು ಉಳಿದದ್ದನ್ನು ಅವನಿಗೆ ಕೊಟ್ಟೆ. ಅಂಗಡಿಗಳ ಪಂದ್ಯದಲ್ಲಿ ಮೊದಲ ಬಹುಮಾನ ಬೆಂಡೆಕಾಯಿ ಕರಿದ ಯಾರೋ ಹೊಸಬಳಿಗೆ ಹೋಯಿತು. ನನಗೆ ಎರಡನೆಯದು. ಅಳಬೇಕಿತ್ತು, ಮರೆತುಬಿಟ್ಟೆ.

ಮೇ 21, ಭಾನುವಾರ

ಚರ್ಚಿನಿಂದ ಬಂದು ನೀಲಿ ಪಾತ್ರೆ ತೊಳೆದೆ. ಏನು ತುಂಬಿ ಕಳಿಸಲಿ ಎಂದು ಕೇಳಿದ್ದಕ್ಕೆ ಹಾಯ್ಟ್, "ಪಾತ್ರೆ ಇಲ್ಲೇ ಇರ್ಲಿ ಬಿಡು, ನಾನೇ ಬರ್ತೀನಿ ಊಟಕ್ಕೆ" ಎಂದ. ಹೊತ್ತು ತಿರುಗುವ ಕೆಲಸ ಉಳಿಯಿತು ಎಂದು ಒಪ್ಪಿದೆ. ಬೇರೆ ಕಾರಣವೇನಿಲ್ಲ. ಆರ್ಡಿತ್‌ಳ ಹೆಸರಿನ ಟೇಪು ಅಂಚಿನಲ್ಲಿ ಎದ್ದಿತ್ತು, ಅಂಟು ಹಾಕಿ ಭದ್ರ ಮಾಡಿದೆ.

ಮಂಗಳವಾರ ಇಮೋಜಿನ್ ಮತ್ತೆ ಒತ್ತಡ ನೋಡಲು ಮನೆಗೇ ಬರುತ್ತಾಳಂತೆ. ಅವಳು ಇರುವಷ್ಟು ಹೊತ್ತು ಹಾಯ್ಟ್‌ಗೆ ಹಿತ್ತಲಲ್ಲಿ ಇರಲು ಹೇಳಬೇಕು.